ಹೊಲದಾಗಿನ ನೆರಳು ಯಾರ ಸಲುವಾಗಿ?

ಮೊನ್ನೆ ವಾಟ್ಸಾಪ್ ಸ್ಟೇಟಸಿಗಿ ನಮ್ಮ ಕಮಲಾಪುರ ಹೊಲದಾಗ ಕಟ್ಟಿದ ಕಟಗಿ ಮಂಟಪದ ಫೋಟೋ ಹಾಕಿದ್ದೆ. ಹಾಕಿದ್ದೇ ತಡ, ಓಣಿ ಹೆಣ್ಮಕ್ಕಳೆಲ್ಲಾ ಫೋನ್ ಹಚ್ಚಲಾಕ ಶುರು ಮಾಡಿದ್ರು. "ಎಷ್ಟು ಖರ್ಚಾತ್ರಿ ಅಕ್ಕೋರೆ?" "ರಿಸಾರ್ಟ್ ಮಾಡಲತ್ತೀರೇನು?" ಬೀದರದಾಗಿನ ನಮ್ಮ ನಾದಿನಿ ಅಂತೂ "ವೈನಿ, ಯುಗಾದಿಗಿ ನಾವೆಲ್ಲಾ ಅಲ್ಲೇ ಬರ್ತೀವಿ" ಅಂತ ದಿನಾನೇ ಗೊತ್ತು ಮಾಡಿಬಿಟ್ಲು. ಖರ್ಚಿನ ಮಾತು ಆಮ್ಯಾಲ ಹೇಳ್ತೀನಿ. ಮೊದಲ ಅದು ಯಾರ ಸಲುವಾಗಿ ಕಟ್ಟಿದ್ದು ಅಂತ ಹೇಳಬೇಕು, ಯಾಕಂದ್ರ ಅದರ ಸಲುವಾಗೇ ನಮ್ಮ ಮನ್ಯಾಗ ಎರಡು ತಿಂಗಳು ಜಗಳ ಆಗ್ಯಾದ.

ಹೋದ ದೀಪಾವಳಿಗಿ ಬೆಂಗಳೂರಿಂದ ಬಂದ ಸಣ್ಣ ಮಗ ಫೋನಿನಾಗ ಒಂದು ಚಿತ್ರ ತೋರಿಸಿದ. ದುಂಡನ ದಿಮ್ಮಿ ಕಂಬ, ಮ್ಯಾಲಿನ ತೊಗಟಿ ಹಂಗೇ ಬಿಟ್ಟದ್ದು, ಎಂಟು ಮೂಲಿ, ನಡುವ ಟೇಬಲ್, ಸುತ್ತ ಬಣ್ಣದ ಲೈಟು. "ಅವ್ವಾ, ಇದಕ್ಕ ಗೆಜೆಬೊ ಅಂತಾರ. ಹೊಲದಾಗ ಇದೊಂದು ಕಟ್ಟಾಮು" ಅಂದ. ನೋಡಿದೆ. ನಮ್ಮ ಹಂದರಾನೇ ಪ್ಯಾಂಟು ಹಾಕ್ಕೊಂಡು ನಿಂತಂಗ ಇತ್ತು! ಇಂಥವು ಕಟ್ಟೋ ಒಬ್ಬವರನ್ನ ಕೇಳಿದ್ರ ಮೂರು ಲಕ್ಷ ಅಂದ್ರು, ಅದೂ ಕೆಳಗಿನ ಕಲ್ಲು ಬಿಟ್ಟು. ನಮ್ಮವ್ರ ಮಾರಿ ಸಣ್ಣದಾತು. ಆಗ ಮಗ ಉಪಾಯ ಹೇಳಿದ: "ಬಾವಿ ಕಡಿ ದೊಡ್ಡ ಬೇವಿನ ಗಿಡ ಅದಲ್ಲ, ಅದನ್ನ ಕಡಿಸಿದ್ರ ಕಟಗಿ ಖರ್ಚೇ ಇಲ್ಲ."

ಅಲ್ಲಿ ತನಕ ನಾ ಬಾಯಿ ಬಿಟ್ಟಿದ್ದಿಲ್ಲ. ಆ ಬೇವಿನ ಗಿಡದ ಬುಡಕ್ಕ ಕುಂತೇ ನಮ್ಮ ಅತ್ತಿಯವರು ರಾಶಿ ಕಾದಾರ, ನನ್ನ ಮಕ್ಕಳನ್ನ ಅದೇ ಟೊಂಗಿಗಿ ಜೋಳಿಗಿ ಕಟ್ಟಿ ತೂಗ್ಯಾರ. ಇದ್ದ ನೆರಳು ಕಡದು ಹೊಸ ನೆರಳು ಕಟ್ಟೋದು ಯಾವ ಶಾಣ್ಯಾತನರಿ? "ಗಿಡಕ್ಕ ಕೊಡ್ಲಿ ಬಿದ್ದ ದಿನ ನಾ ಹೊಲಕ್ಕ ಕಾಲಿಡಂಗಿಲ್ಲ" ಅಂದೆ. ಗಂಡ-ಮಗ ಇಬ್ಬರೂ ಸುಮ್ನಾದ್ರು.

ನಮ್ಮ ಊರಿನ ಬಿಸಲು ನಿಮಗ ಹೇಳಬೇಕಾಗಿಲ್ಲ. ಮೇ ತಿಂಗಳು ಅಂದ್ರ 42, 43 ಡಿಗ್ರಿ. ಕಲಬುರಗಿ ಕೋಟ್ಯಾಗಿನ ಜಾಮಾ ಮಸೀದಿ ನೋಡೀರಲ್ಲ, 1367ರದು. ಬ್ಯಾರೆ ಕಡಿ ಇಂಥಾ ಮಸೀದಿ ನಡುವ ತೆರೆದ ಅಂಗಳ ಇರ್ತದ, ಇಲ್ಲಿ ಅಂಗಳಾನೇ ಇಲ್ಲ, ಪೂರಾ ಮಾಡು ಹೊದಿಸ್ಯಾರ. ಕಟ್ಟಿದವ್ರಿಗಿ ನಮ್ಮ ಬಿಸಲು ತಾಕಿರಬೇಕು ಅಂತ ನಾ ತಿಳಕೊಂಡೀನಿ, ತಿಳದವ್ರು ಬ್ಯಾರೆ ಏನರ ಹೇಳ್ಲಿ. ಅಂದ್ರ ಹೊಲದಾಗ ಒಂದು ನೆರಳು ಬೇಕು ಅನ್ನೋದಕ್ಕ ನನ್ನ ತಕರಾರ ಇದ್ದಿದ್ದಿಲ್ಲ. ತಕರಾರ ಇದ್ದದ್ದು ಅದು ಭಾನುವಾರ ಬರೋ ನಮ್ಮ ಸಲುವಾಗಿ ಮಾತ್ರ ಅನ್ನೋದಕ್ಕ.

ಇಲ್ಲಿ ನನ್ನ ತಪ್ಪೂ ಒಪ್ಪಕೋಬೇಕು. ಮದಿವ್ಯಾಗಿ ಬಂದು ಮೂವತ್ತು ವರ್ಷ ಆತು. ನಾ ಹೊಲಕ್ಕ ಹೋಗೋದು ಅಂದ್ರ ಎಳ್ಳಮಾಸಿಗಿ. ಭಜ್ಜಿ, ಸಜ್ಜಿ ಕಡಬು, ಶೇಂಗಾ ಹೋಳಗಿ ಕಟಗೊಂಡು ಹೋಗೋದು, ಚರಗ ಚೆಲ್ಲೋದು, ಉಣ್ಣೋದು, ಸಂಜಿಗಿ ಗಾಡಿ ಹತ್ತೋದು. ವರ್ಷಪೂರ್ತಿ ಸದಿ ತೆಗಿಯೋ ಹೆಣ್ಮಕ್ಕಳು ಎಲ್ಲಿ ಕುಂತು ಉಣ್ತಾರ ಅಂತ ಒಂದಿನ ಕೇಳಿದ್ದಿಲ್ಲ. ಮಂಟಪದ ಜಾಗ ನೋಡಲಾಕ ಅಂತ ನಡು ಮಧ್ಯಾಹ್ನ ಹೋದಾಗ ಕಂಡೆ. ಆರು ಮಂದಿ, ಟ್ರ್ಯಾಕ್ಟರ್ ಟ್ರೇಲರಿನ ಕೆಳಗ ತಲಿ ಬಗ್ಗಿಸಿ ಕುಂತು ರೊಟ್ಟಿ-ಪುಂಡಿಪಲ್ಯ ಉಣ್ಣಲತ್ತಿದ್ರು. ಬೇವಿನ ಗಿಡ ಹೊಲದ ಆ ತುದಿಗಿ, ಅಲ್ಲಿ ತನಕ ನಡದು ಹೋಗಿ ಬರೋದ್ರಾಗ ಉಣ್ಣೋ ಹೊತ್ತೇ ಮುಗೀತದ. "ಹೊರಕಡಿಗಿ ಎಲ್ಲಿ ಹೋಗ್ತೀರಿ?" ಅಂತ ಕೇಳಿದ್ರ ಒಬ್ಬಾಕಿ ನಕ್ಕು, "ಯಕ್ಕಾ, ತೊಗರಿ ಎತ್ತರ ಬೆಳದಾಗ ಚಿಂತಿಲ್ಲ. ರಾಶಿ ಆದಮ್ಯಾಲ ನೀರೇ ಕುಡಿಯಂಗಿಲ್ಲ ನಾವು" ಅಂದ್ಲು. ಆ ಬಿಸಲಾಗ ನೀರು ಕುಡಿಯಂಗಿಲ್ಲ ಅಂದ್ರ! ಅವತ್ತ ನನಗ ಊಟ ಸೇರಲಿಲ್ಲ.

ಆಮ್ಯಾಲ ಮಂಟಪದ ನಕಾಶೆ ನನ್ನ ಕೈಗಿ ಬಂತು. ಕಟ್ಟಬೇಕು ಅನ್ನವ್ರು ಜರಾ ಲಕ್ಷ ಕೊಟ್ಟು ಓದ್ರಿ.

ಎಂಟು ಮೂಲಿ ಬ್ಯಾಡ, ಹನ್ನೆರಡು ಅಡಿ ಅಗಲ, ಹದಿನಾರು ಅಡಿ ಉದ್ದ, ಆರು ಕಂಬ. ನಮ್ಮದು ಎರಿ ಭೂಮಿ. ಮಳಿಗಿ ಉಬ್ಬತದ, ಬ್ಯಾಸಿಗ್ಯಾಗ ಕೈ ಹೋಗುವಷ್ಟು ಬಿರಕು ಬಿಡ್ತದ. ಬರೇ ಎರಡು ಅಡಿ ತಗ್ಗು ತೋಡಿ ಕಂಬ ಹುಗದ್ರ ವರ್ಷದಾಗ ಒಂದು ಇತ್ಲಾಗ, ಒಂದು ಅತ್ಲಾಗ ವಾಲ್ತಾವ. ಗರಸು ಹತ್ತೋ ತನಕ ತೋಡಿಸಿ, ಕಲ್ಲು-ಕಾಂಕ್ರೀಟ್ ತುಂಬಿಸಿ, ನೆಲದ ಮ್ಯಾಲ ಒಂದು ಗೇಣು ಎತ್ತಿ, ಕಬ್ಬಿಣದ ಪಟ್ಟಿಗಿ ಬೋಲ್ಟ್ ಹಾಕಿ ಕಂಬ ನಿಲ್ಲಿಸೀವಿ. ಕಟಗಿ ಮಣ್ಣಿಗಿ ತಾಕಬಾರದು, ತಾಕಿದ್ರ ವರಲಿ ಬಿಡಂಗಿಲ್ಲ. ಮಂದಿ ಸುಟ್ಟ ಎಂಜಿನ್ ಆಯಿಲ್ ಹಚ್ಚತಾರ, ಅದರ ಹೊಲಸು ಮಣ್ಣಿಗೂ ಇಳೀತದ. ನನಗದು ಮನಸ್ಸಿಗಿ ಬರಲಿಲ್ಲ.

ಕಟಗಿ ನೀಲಗಿರಿದು. ಸೆಂಟ್ರಿಂಗಿಗಿ ಹಚ್ಚೋ ಬಲ್ಲಿ ಅಲ್ಲ, ಅದಕ್ಕಿಂತ ದಪ್ಪನವು. ಹಸಿ ಕಟಗಿ ತಂದು ಹಂಗೇ ನಿಲ್ಲಿಸಿದ್ರ ಒಣಗ್ತಾ ತಿರುಚತದ, ಸೀಳತದ. ತೊಗಟಿ ತೆಗಸಿ ನಾಕು ತಿಂಗಳು ನೆರಳಾಗ ಕಲ್ಲಿನ ಮ್ಯಾಲ ಒಟ್ಟಿದ್ವಿ. ತೊಗಟಿ ಇದ್ರೇನೇ ಚಂದ ಅಂತ ಮಗ ಮಾರಿ ಉಬ್ಬಿಸಿದ. ತೊಗಟಿ ಕೆಳಗೇ ಹುಳ ಮನಿ ಮಾಡ್ತಾವ, ನೀರೂ ಅಲ್ಲೇ ನಿಲ್ತದ, ಮತ್ತ ಚಂದ ಎಷ್ಟು ದಿನ? ಬಡಿಗ್ಯಾರು ನನ್ನ ಕಡೀಗೇ ಮಾತಾಡಿದ್ರು. ಅವರೇ ಕಂಬಕ್ಕೂ ತೊಲಿಗೂ ನಡುವ ಓರೆಯಾಗಿ ಒಂದೊಂದು ತುಂಡು ಕೂಡಿಸಿದ್ರು. ಅದಿಲ್ಲದಿದ್ರ ಗೋಡಿ ಇಲ್ಲದ ಮಾಡು ಬಿರುಗಾಳಿಗಿ ಹೊಯ್ದಾಡ್ತದ.

ಮ್ಯಾಲ ಟೀನ್ ಹಾಕಿದ್ರ ಕೆಳಗ ತವಾ ಆಗ್ತದ. ಹಂಚು ಹಾಕಿದ್ರ ಮಂಗ್ಯಾಗೋಳು ಬಿಡಂಗಿಲ್ಲ. ಬಿದಿರಿನ ಮ್ಯಾಲ ಕಬ್ಬಿನ ರವದಿ ದಪ್ಪನಾಗಿ ಹೊದಿಸೀವಿ. ಇಳಿಜಾರು ಛಲೋ ಕಡಿದಾಗಿರಬೇಕು, ಇಲ್ಲಾಂದ್ರ ನೀರು ಕುಂತು ಕೊಳೀತದ. ಎರಡು-ಮೂರು ವರ್ಷಕ್ಕ ಮತ್ತ ಹೊದಿಸಬೇಕಾಗ್ತದ, ಖರೆ. ಒಲಿ ಮಾತ್ರ ದೂರ ಹಾಕೀವಿ, ರವದಿಗಿ ಒಂದು ಕಿಡಿ ಸಾಕು. ಪಡುವಣ ಕಡಿ ತೊಗರಿ ಕಟಗಿ ತಟ್ಟಿ ಕಟ್ಟಿದ್ದಕ್ಕ ಮೂರು ಗಂಟೆ ಬಿಸಲು ಒಳಗ ಬರಂಗಿಲ್ಲ. ಕೆಳಗ ಶಹಾಬಾದ ಕಲ್ಲು, ಸುತ್ತ ಕುಂದ್ರಲಾಕ ಕಟ್ಟಿ, ಮೂಲ್ಯಾಗ ನೀರಿನ ಗಡಗಿ.

ಇನ್ನೊಂದು ಮಾತು, ಸಿಡ್ಲಿಗಿ ಇದು ಆಸರ ಅಲ್ಲ. ಮಳಿಗಾಲದ ಹೊಸ್ತಿಲಿಗಿ ಹೊಲದಾಗ ಸಿಡ್ಲು ಬಡದ ಸುದ್ದಿ ಪೇಪರಿನಾಗ ಓದ್ತೀರಲ್ಲ. ಗುಡುಗು ಕೇಳಿದ ಕೂಡ್ಲೇ ಮಂಟಪದಾಗೂ ಬ್ಯಾಡ, ಗಿಡದ ಬುಡಕ್ಕೂ ಬ್ಯಾಡ, ರಸ್ತಾ ಕಡಿ ಇರೋ ಪಕ್ಕಾ ಕ್ವಾಣ್ಯಾಗ ಹೋಗ್ರಿ ಅಂತ ಆಳಿಗೋಳಿಗಿ ಹೇಳೀನಿ.

ಖರ್ಚು ಕೇಳಿದ್ರಲ್ಲ? ಮಂಟಪಕ್ಕ ಒಂದು ಲಕ್ಷಕ್ಕ ಜರಾ ಕಡಿಮಿ. ಅದರ ಹಿಂದ ಕಟ್ಟಿಸಿದ ಸಂಡಾಸಕ್ಕ ನಲವತ್ತು ಸಾವಿರ. ಸ್ಟೇಟಸಿನಾಗ ಸಂಡಾಸದ ಫೋಟೋ ಹಾಕಲಿಲ್ಲ, ಆದ್ರ ನನ್ನ ಕೇಳಿದ್ರ ರೊಕ್ಕ ಹತ್ತಿದ್ದು ಅದಕ್ಕೇ. ಕೈಯಾಗ ನಲವತ್ತೇ ಸಾವಿರ ಇದ್ದವ್ರು ಮಂಟಪ ಬಿಡ್ರಿ, ಮೊದಲ ಅದು ಕಟ್ಟಿಸ್ರಿ. ನೆರಳಿಗಿ ನಾಕು ಕಂಬದ ಹಂದರ ಹಾಕಿದ್ರೂ ನಡೀತದ.

ಕಟ್ಟಿ ಮುಗದ ಮ್ಯಾಲ ಮಗ ಇನ್ನೊಂದು ಸೊಲ್ಲು ತೆಗದ. ಸುತ್ತ ತಂತಿ ಹಾಕಿ ಗೇಟಿಗಿ ಕೀಲಿ ಹಾಕಬೇಕಂತ. "ಎಲಿ ಅಡಕಿ ಉಗುಳಿ ಹೊಲಸು ಮಾಡ್ತಾರವ್ವಾ." ಹೊಲಸು ಆದ್ರ ತೊಳಿಯಾಮು, ಕೆಂಪು ಬಾಳಿ ತೋಟಕ್ಕ ನೀರು ಬಿಡೋ ಪೈಪು ಅಲ್ಲೇ ಅದ. ಮತ್ತ ಎಳ್ಳಮಾಸಿ ದಿನ ನಿಮ್ಮ ಕಾಕಾನ ಮಂದಿ ಬಿಟ್ಟು ಹೋಗೋ ಪ್ಲಾಸ್ಟಿಕ್ ತಾಟು ಯಾರು ಆರಿಸ್ತಾರಪ್ಪಾ ಅಂತ ಕೇಳಿದೆ. ಅದನ್ನ ಆರಿಸೋರೂ ಆ ಹೆಣ್ಮಕ್ಕಳೇ. ನಮ್ಮವ್ರು ಪೇಪರ್ ಅಡ್ಡ ಹಿಡಕೊಂಡ್ರು, ಒಳಗ ನಗಲತ್ತಿದ್ರು ಅಂತ ಕಾಣಸ್ತದ. ಗೇಟಿನ ಮಾತು ಅಲ್ಲಿಗೇ ನಿಂತದ, ಪೂರಾ ಹೋಗಿಲ್ಲ.

ಹೋದ ವಾರ ಮಗ ಬಂದಿದ್ದ, ಕಾರಿನಾಗ ಮಹಾಗಾಂವ ಕ್ರಾಸ್ ದಾಟಿ ಹೊಲಕ್ಕ ಹೋದ್ವಿ. ಮಂಟಪದಾಗ ಯಾರೂ ಇದ್ದಿದ್ದಿಲ್ಲ, ಎಲ್ಲಾರೂ ಸಾಲಿನಾಗ ಸದಿ ತೆಗಿಯಲತ್ತಿದ್ರು. ನಡುವಿನ ತೊಲಿಗಿ ಹಳೇ ಸೀರಿ ಜೋಳಿಗಿ ಕಟ್ಟಿತ್ತು, ಒಳಗ ಆರೇಳು ತಿಂಗಳ ಕೂಸು ಮಲಗಿತ್ತು, ಬಾಜೂಕ ಅದರ ಅಕ್ಕ, ಐದು ವರ್ಷದ ಹುಡುಗಿ, ಹಗ್ಗ ಎಳಕೋತ ಕುಂತಿತ್ತು. ಮಗ ಸುಮ್ನ ನಿಂತು ನೋಡಿದ. ಏನರ ಅಂತಾನೇನೋ ಅಂತ ನಾ ತಯಾರಾಗೇ ಇದ್ದೆ. ಅಂವ ಕಟ್ಟಿ ಮ್ಯಾಲ ಹತ್ತಿ, ತೊಲಿ ಹಿಡದು ಅಲುಗಾಡಿಸಿ, ಬೋಲ್ಟಿಗಿ ಕೈ ಹಚ್ಚಿ ನೋಡಿ, "ಇಲ್ಲೊಂದು ಜರಾ ಸಡ್ಲ ಅದ, ಪಾನಾ ಎಲ್ಲದ?" ಅಂದ.