ಅವರು ಮರೆತ ಬೋಧನೆ, ನಾವು ಮರೆಯುತ್ತಿರುವ ಆದೇಶ

ಪ್ರವಾದಿ ಈಸಾ(ಅ)ರು ಶಿಷ್ಯರಿಗೆ ಕಲಿಸಿದರೆಂದು ಕ್ರೈಸ್ತರು ನಂಬುವ ಪ್ರಾರ್ಥನೆಯೊಂದು ಜಗತ್ತಿನ ಚರ್ಚುಗಳಲ್ಲಿ ದಿನವೂ ಕೇಳಿಬರುತ್ತದೆ. ಅದರಲ್ಲಿ ದೇವನ ಕ್ಷಮೆ ಬೇಡುವ ಭಾಗವೊಂದಿದೆ. ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಅಲ್ಲಿರುವ ಪದದ ನೇರ ಅರ್ಥ 'ಸಾಲ'. ಅಂದರೆ, ದೇವನ ಮುಂದೆ ಮನ್ನಾ ಬೇಡುವವನು ತನ್ನಿಂದ ಸಾಲ ಪಡೆದವನನ್ನೂ ಮನ್ನಿಸಿರಬೇಕು. ಪ್ರತಿಫಲ ನಿರೀಕ್ಷಿಸದೆ ಸಾಲ ಕೊಡಬೇಕೆಂಬ ಬೋಧನೆ ಲೂಕನ ಸುವಾರ್ತೆಯಲ್ಲಿಯೂ ಇದೆ.

ಆರಂಭದ ಕ್ರೈಸ್ತರು ಇದನ್ನು ಲಘುವಾಗಿ ಪರಿಗಣಿಸಲಿಲ್ಲ. ಕ್ರಿ.ಶ. 325ರ ನೈಸಿಯಾ ಸಮ್ಮೇಳನ ಎಂದೊಡನೆ ನಮಗೆ ನೆನಪಾಗುವುದು ಈಸಾ(ಅ)ರ ದೈವತ್ವದ ಕುರಿತ ವಿವಾದ. ಆದರೆ ಬಡ್ಡಿ ಪಡೆಯುವ ಪಾದ್ರಿಗಳನ್ನು ಪದವಿಯಿಂದ ತೆಗೆದುಹಾಕಬೇಕೆಂದು ಅದೇ ಸಮ್ಮೇಳನ ವಿಧಿಸಿತ್ತು. 1179ರ ಮೂರನೆಯ ಲ್ಯಾಟರನ್ ಸಮ್ಮೇಳನವು ಬಹಿರಂಗವಾಗಿ ಬಡ್ಡಿ ವ್ಯವಹಾರ ನಡೆಸುವವರಿಗೆ ಕ್ರೈಸ್ತ ವಿಧಿಯ ಶವಸಂಸ್ಕಾರವನ್ನೂ ನಿರಾಕರಿಸಿತು.

ಹಾಗಾದರೆ ಬಡ್ಡಿಯನ್ನೇ ಆಧರಿಸಿದ ಅರ್ಥವ್ಯವಸ್ಥೆ ಅದೇ ಯುರೋಪಿನಲ್ಲಿ ಬೆಳೆದದ್ದು ಹೇಗೆ? ಒಂದೊಂದೇ ವಿನಾಯಿತಿಯ ಮೂಲಕ. ಬಡವರಿಂದ ಬಡ್ಡಿ ಪಡೆಯಬಾರದು, ವ್ಯಾಪಾರದಲ್ಲಿ ಮಿತವಾದ ಬಡ್ಡಿ ತಪ್ಪಲ್ಲ ಎಂದು ಸುಧಾರಕ ಕ್ಯಾಲ್ವಿನ್ 16ನೇ ಶತಮಾನದಲ್ಲಿ ವಾದಿಸಿದರು. 1545ರಲ್ಲಿ ಇಂಗ್ಲೆಂಡಿನ ಕಾನೂನು ಶೇ. 10ರವರೆಗಿನ ಬಡ್ಡಿಗೆ ಅವಕಾಶ ನೀಡಿತು. ಕ್ರಮೇಣ ವಿನಾಯಿತಿ ನಿಯಮವಾಯಿತು. ಬಡವನಿಗಿದ್ದ ರಕ್ಷಣೆ ಮರೆಯಾಯಿತು. ಸುವಾರ್ತೆಯ ಆ ಪುಟವನ್ನು ಯಾರೂ ಹರಿದು ಹಾಕಲಿಲ್ಲ. ಓದುತ್ತಲೇ ಇದ್ದರು, ಬದುಕಿಗೆ ಅನ್ವಯಿಸುವುದನ್ನು ಮಾತ್ರ ಬಿಟ್ಟರು.

ಆದರೂ ಆ ಬೋಧನೆ ಸಂಪೂರ್ಣವಾಗಿ ಸಾಯಲಿಲ್ಲ. 50ನೇ ವರ್ಷವನ್ನು ಬಿಡುಗಡೆಯ ವರ್ಷವೆಂದು ಸಾರುವ ಬೈಬಲಿನ ವಿಧಿಯಿಂದ ಸ್ಫೂರ್ತಿ ಪಡೆದು 'ಜ್ಯುಬಿಲಿ 2000' ಎಂಬ ಚಳವಳಿ ಹುಟ್ಟಿತು. 1998ರಲ್ಲಿ ಶ್ರೀಮಂತ ರಾಷ್ಟ್ರಗಳ ನಾಯಕರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸೇರಿದಾಗ, ಬಡ ದೇಶಗಳ ಸಾಲ ಮನ್ನಾ ಮಾಡಿರೆಂದು ಸುಮಾರು 70 ಸಾವಿರ ಜನರು ಮಾನವ ಸರಪಳಿ ರಚಿಸಿದರು. ಮರುವರ್ಷ ಕಲೋನ್ ಶೃಂಗಸಭೆಯಲ್ಲಿ ಸಾಲ ಪರಿಹಾರವನ್ನು ವಿಸ್ತರಿಸಲು ಆ ನಾಯಕರು ಒಪ್ಪಿದರು. ಮರೆತ ಬೋಧನೆಗೆ ಮರಳಲು ಸಾಧ್ಯವಿದೆ ಎಂಬುದಕ್ಕೆ ಇದು ಸಾಕ್ಷಿ.

ಇದನ್ನೆಲ್ಲ ಹೇಳುತ್ತಿರುವುದು ಕ್ರೈಸ್ತ ಸಹೋದರರನ್ನು ಹಳಿಯುವುದಕ್ಕಲ್ಲ. ಆ ಕನ್ನಡಿಯಲ್ಲಿ ನಮ್ಮ ಮುಖ ಕಾಣುತ್ತಿದೆ ಎಂಬ ಕಾರಣಕ್ಕೆ. ಬಡ್ಡಿ ಹರಾಮ್ ಎಂಬುದನ್ನು ತಿಳಿಯದ ಮುಸ್ಲಿಮ್ ಮನೆ ಇಲ್ಲ. ಆದರೆ ಮಗಳ ಮದುವೆಗೆ, ಅಂತಸ್ತು ತೋರಿಸುವ ಮನೆಗೆ, ಹೊಸ ಕಾರಿಗೆ 'ಇದೊಂದು ಸಲ' ಎಂಬ ವಿನಾಯಿತಿಯನ್ನು ನಾವೇ ನೀಡಿಕೊಳ್ಳುತ್ತಿಲ್ಲವೇ? ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರಕಾರವು 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಆ ಸಾಲದ ಗುಂಪಿನಲ್ಲಿ ಕುಳಿತ ಬಡ ಸಹೋದರಿಯನ್ನು ಪ್ರಶ್ನಿಸುವ ಮುನ್ನ, ಅವಳು ನಮ್ಮ ಜಮಾಅತಿನ ಬಾಗಿಲಿಗೆ ಬಂದಿದ್ದರೆ ನಾವು ಏನು ಕೊಡುತ್ತಿದ್ದೆವು ಎಂದು ಕೇಳಿಕೊಳ್ಳಬೇಕು.

ಇಕ್ಕಟ್ಟಿನಲ್ಲಿರುವ ಸಾಲಗಾರನಿಗೆ ಕಾಲಾವಕಾಶ ನೀಡಬೇಕು, ಬಿಟ್ಟುಕೊಡುವುದು ಇನ್ನೂ ಉತ್ತಮ ಎಂದು ಪವಿತ್ರ ಕುರ್‌ಆನ್ ಅಲ್‌ಬಕರ ಅಧ್ಯಾಯದಲ್ಲಿ ಕಲಿಸುತ್ತದೆ. ಪ್ರವಾದಿ ಮುಹಮ್ಮದ್(ಸ)ರು ವಿದಾಯ ಭಾಷಣದಲ್ಲಿ ಬಡ್ಡಿಯನ್ನು ರದ್ದುಗೊಳಿಸಿದಾಗ, ಮೊದಲು ರದ್ದು ಮಾಡಿದ್ದು ತಮ್ಮ ಚಿಕ್ಕಪ್ಪ ಅಬ್ಬಾಸ್(ರ)ರಿಗೆ ಬರಬೇಕಾಗಿದ್ದ ಬಡ್ಡಿಯನ್ನು. ಸುಧಾರಣೆ ಸ್ವಂತ ಮನೆಯಿಂದ ಆರಂಭವಾಯಿತು. ಆಡಂಬರದ ಒಂದು ಮದುವೆಯ ಖರ್ಚನ್ನು ಅರ್ಧಕ್ಕಿಳಿಸಿ ಮೊಹಲ್ಲಾದಲ್ಲಿ ಬಡ್ಡಿರಹಿತ ಸಾಲನಿಧಿಯೊಂದನ್ನು ಕಟ್ಟಲು ನಮಗೂ ಸಾಧ್ಯವಿದೆ. ನಮ್ಮಿಂದ ಪಡೆದ ಸಾಲವನ್ನು ತೀರಿಸಲಾಗದೆ ತಲೆತಪ್ಪಿಸಿಕೊಂಡು ಓಡಾಡುವ ಬಂಧುವೊಬ್ಬನಿದ್ದರೆ, ಈ ವಾರವೇ ಅವನ ಮನೆಗೆ ಹೋಗಿ ಅವನ ಹೊರೆ ಇಳಿಸಬಹುದು. ಅಲ್ಲಾಹನ ಮುಂದೆ ನಾವೆಲ್ಲರೂ ಸಾಲಗಾರರೇ ಅಲ್ಲವೇ?