ಮೈಗಳ್ಳತನವೋ, ಗ್ರಂಥಿಯ ಬಡತನವೋ?



ಬೆಳಗಿನ ಜಾವ ಎದ್ದು ದುಡಿಯುವವನು ಒಳ್ಳೆಯವನು, ಹೊತ್ತೇರಿದರೂ ಹಾಸಿಗೆ ಬಿಡದವನು ಮೈಗಳ್ಳ. ಮನುಷ್ಯರನ್ನು ಅಳೆಯಲು ನಾವೆಲ್ಲ ಬಳಸುವ ಅಳತೆಗೋಲು ಇದೇ. ಕಾಯಕವನ್ನು ಎಲ್ಲಕ್ಕಿಂತ ದೊಡ್ಡದೆಂದು ನಂಬಿದ ನಮ್ಮ ಮನೆಗಳಲ್ಲಿ ಮೈಗಳ್ಳನೆಂಬ ಮಾತಿಗಿಂತ ಕಠಿಣವಾದ ನಿಂದೆ ಬೇರೊಂದಿಲ್ಲ. ಆ ಮಾತನ್ನು ನಾನೂ ಒಮ್ಮೆ ಆಡಬಾರದ ಕಡೆ ಆಡಿದ್ದೇನೆ. ಅದರ ನೆನಪು ಈ ತಿಂಗಳ ಲೇಖನಕ್ಕೆ ಕಾರಣವಾಗಿದೆ.

ಸುಮಾರು ಹನ್ನೆರಡು ವರ್ಷಗಳ ಹಿಂದಿನ ಸಂಗತಿ. ಮೂಡಲಗಿ ಆಗ ಇನ್ನೂ ಗೋಕಾಕ ತಾಲೂಕಿಗೇ ಸೇರಿತ್ತು. ಆ ಭಾಗದ ಒಂದು ಹಳ್ಳಿಯಿಂದ ಪರಿಚಿತ ಮನೆತನದ ಹಿರಿಯ ತಾಯಿಯೊಬ್ಬರು ತಮ್ಮ ಸೊಸೆಯನ್ನು ಕರೆದುಕೊಂಡು ಬಂದರು. ಸೊಸೆಗೆ ಎರಡನೆಯ ಹೆರಿಗೆಯಾಗಿ ಎಂಟು ತಿಂಗಳು ಕಳೆದಿತ್ತು. “ಶಾಸ್ತ್ರಿಗಳ, ಮದುವಿಯಾಗಿ ಬಂದಾಗ ಈಕಿ ಚಿಗರಿ ಹಂಗ ಓಡ್ಯಾಡತಿದ್ಲು. ಈಗ ನೋಡ್ರಿ, ಕುಂತಲ್ಲೇ ಕುಂತಿರ್ತಾಳ. ಒಲಿ ಮ್ಯಾಲಿನ ಹಾಲು ಉಕ್ಕಿ ಹರದ್ರೂ ಖಬರಿರೂದಿಲ್ಲ. ನೀವಾರ ನಾಕು ಬುದ್ಧಿಮಾತು ಹೇಳ್ರಿ” ಎಂದರು.

ಬೇಸಿಗೆಯ ನಡುಹಗಲು. ಆದರೂ ಆ ಹೆಣ್ಣುಮಗಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಕುಳಿತಿದ್ದಳು. ಮುಖ ಊದಿಕೊಂಡಿತ್ತು. ಕೇಳಿದ್ದಕ್ಕೆ ಉತ್ತರಿಸುವಾಗ ದನಿ ಒರಟಾಗಿ, ನಿಧಾನವಾಗಿ ಹೊರಡುತ್ತಿತ್ತು. ಇದೆಲ್ಲವನ್ನೂ ನಾನು ಕಣ್ಣಾರೆ ಕಂಡೆ, ಒಂದನ್ನೂ ಅರ್ಥಮಾಡಿಕೊಳ್ಳಲಿಲ್ಲ. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದರ ಹಿರಿಮೆ, ಆಲಸ್ಯದ ಕೇಡು ಮುಂತಾದವುಗಳನ್ನು ಅರ್ಧ ಗಂಟೆ ಉಪದೇಶಿಸಿದೆ. ಆಕೆ ತಲೆ ತಗ್ಗಿಸಿ “ಹೂನ್ರಿ” ಎಂದಳು. ನಾನು ತೃಪ್ತನಾಗಿ ಕಳುಹಿಸಿಕೊಟ್ಟೆ.

ನಾನು ಕಾಣದೆ ಹೋದುದು ಯಾವುದು ಎಂಬುದನ್ನು ತಿಳಿಯಬೇಕಾದರೆ ಮೊದಲು ದೇಹದೊಳಗಿನ ಒಂದು ವ್ಯವಸ್ಥೆಯನ್ನು ಅರಿಯಬೇಕು.

ನಮ್ಮ ಶರೀರದಲ್ಲಿ ಎರಡು ಬಗೆಯ ಗ್ರಂಥಿಗಳಿವೆ. ಜೊಲ್ಲು, ಬೆವರು, ಕಣ್ಣೀರು ಇವುಗಳನ್ನು ಸುರಿಸುವ ಗ್ರಂಥಿಗಳಿಗೆ ಸಣ್ಣ ನಾಳಗಳಿರುತ್ತವೆ. ರಸವು ಆ ನಾಳದ ಮೂಲಕ ಹೋಗಬೇಕಾದ ಸ್ಥಳಕ್ಕೆ ನೇರವಾಗಿ ಹೋಗುತ್ತದೆ. ಇನ್ನೊಂದು ಬಗೆಯವಕ್ಕೆ ನಾಳಗಳೇ ಇಲ್ಲ. ಆದುದರಿಂದ ಅವನ್ನು ನಿರ್ನಾಳ ಗ್ರಂಥಿಗಳೆಂದು ಕರೆಯುತ್ತಾರೆ. ಅವು ತಮ್ಮ ರಸವನ್ನು ನೇರವಾಗಿ ರಕ್ತಕ್ಕೇ ಬಿಡುತ್ತವೆ. ಆ ರಸವೇ ಹಾರ್ಮೋನು. ಪ್ರಚೋದಿಸು ಎಂಬ ಅರ್ಥದ ಗ್ರೀಕ್ ಮಾತಿನಿಂದ ಈ ಹೆಸರನ್ನು 1905ರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ವಿಜ್ಞಾನಿ ಬಳಕೆಗೆ ತಂದರು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ, ಕೊರಳಿನ ಥೈರಾಯಿಡ್, ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್, ಸ್ತ್ರೀಯರ ಅಂಡಾಶಯ, ಪುರುಷರ ವೃಷಣ ಇವೆಲ್ಲ ಈ ಗುಂಪಿನವು. ಮೇದೋಜೀರಕ ಗ್ರಂಥಿ ಮಾತ್ರ ಎರಡೂ ಕೆಲಸ ಮಾಡುತ್ತದೆ: ಜೀರ್ಣರಸವನ್ನು ನಾಳದಿಂದ ಕರುಳಿಗೂ, ಇನ್ಸುಲಿನ್ನನ್ನು ನೇರವಾಗಿ ರಕ್ತಕ್ಕೂ ಕೊಡುತ್ತದೆ.

ನಮ್ಮ ಸೀಮೆಯವರಿಗೆ ಇದನ್ನು ತಿಳಿಯಲು ಘಟಪ್ರಭೆಯೇ ಸಾಕು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ ನಿಂತು, ಧೂಪದಾಳದಲ್ಲಿ ಒಂದಿಷ್ಟು ಕಾಲುವೆಗೆ ತಿರುಗಿ, ಗೋಕಾಕದಲ್ಲಿ ಬಂಡೆಯಿಂದ ಧುಮುಕಿ, ಮೂಡಲಗಿ ಸೀಮೆಯತ್ತ ಅದು ಹರಿಯುತ್ತದೆ. ಜೊಲ್ಲಿನ ಗ್ರಂಥಿ ಕಾಲುವೆಯ ನೀರಿನಂತೆ. ಗುರಿಪಡಿಸಿದ ಹೊಲಕ್ಕೆ ಮಾತ್ರ ಮುಟ್ಟುತ್ತದೆ. ಹಾರ್ಮೋನಾದರೋ ಹೊಳೆಗೇ ಬಿಟ್ಟ ಚೀಟಿ. ರಕ್ತದ ಹೊಳೆ ಎಲ್ಲ ಊರುಗಳ ಮುಂದೆಯೂ ಅದನ್ನು ಒಯ್ಯುತ್ತದೆ. ಆದರೆ ಆ ಚೀಟಿಯನ್ನು ಓದಬಲ್ಲ ಜೀವಕೋಶ ಮಾತ್ರ ಅದನ್ನು ಹಿಡಿದುಕೊಂಡು ಅದರಂತೆ ನಡೆಯುತ್ತದೆ. ಕೀಲಿಗೆ ತಕ್ಕ ಬೀಗವಿದ್ದಲ್ಲಿ ಮಾತ್ರ ಬಾಗಿಲು ತೆರೆಯುವಂತೆ ಇದು.

ಥೈರಾಯಿಡ್ ಗ್ರಂಥಿಯ ವಿಶೇಷವೆಂದರೆ ಅದರ ಚೀಟಿಯನ್ನು ಓದಲಾರದ ಅಂಗವೇ ದೇಹದಲ್ಲಿ ಅಪರೂಪ. ಕೊರಳ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಈ ಗ್ರಂಥಿಯ ತೂಕ ಸುಮಾರು 20 ಗ್ರಾಂ. ಇದು ತಯಾರಿಸುವ ಥೈರಾಕ್ಸಿನ್ ಎಂಬ ಹಾರ್ಮೋನು ದೇಹ ಎಷ್ಟು ವೇಗದಲ್ಲಿ ಉರಿಯಬೇಕು, ಅಂದರೆ ತಿಂದ ಅನ್ನವನ್ನು ಎಷ್ಟು ಬೇಗ ಶಕ್ತಿಯಾಗಿ ಮಾರ್ಪಡಿಸಬೇಕು ಎಂಬುದನ್ನು ನಿರ್ಧರಿಸುತ್ತದೆ. ಹೃದಯದ ಬಡಿತ, ಕರುಳಿನ ಚಲನೆ, ಮೈಯ ಬಿಸುಪು, ಕೂದಲಿನ ಬೆಳವಣಿಗೆ, ನೆನಪಿನ ಚುರುಕು ಎಲ್ಲವೂ ಅದರ ಅಧೀನ. ಅದು ಹೆಚ್ಚಾದರೆ 2019ರ ಆಗಸ್ಟಿನಲ್ಲಿ ಗೋಕಾಕದ ಓಣಿಗಳಿಗೆ ನುಗ್ಗಿದ ಹೊಳೆಯಂತೆ: ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಎಷ್ಟು ಉಂಡರೂ ಮೈ ಸೊರಗುತ್ತದೆ. ಕಡಿಮೆಯಾದರೆ ಬರಗಾಲ: ಚಳಿ, ಆಯಾಸ, ಮಲಬದ್ಧತೆ, ಒಣ ಚರ್ಮ, ಊದಿದ ಮುಖ, ಒರಟು ದನಿ, ಮರೆವು. ಆ ಹೆಣ್ಣುಮಗಳ ಮೈಯಲ್ಲಿ ಈ ಅಕ್ಷರಗಳೆಲ್ಲ ಬರೆದಿದ್ದವು. ನನಗೆ ಓದಲು ಬಂದಿರಲಿಲ್ಲ.

ಇಷ್ಟು ದೊಡ್ಡ ಅಧಿಕಾರವನ್ನು ಆ ಗ್ರಂಥಿಯ ಕೈಗೆ ಸುಮ್ಮನೆ ಬಿಟ್ಟಿಲ್ಲ. ಅದರ ಮೇಲೆ ಪಿಟ್ಯುಟರಿ ಕಾವಲಿದೆ. ರಕ್ತದಲ್ಲಿ ಥೈರಾಕ್ಸಿನ್ ಕಡಿಮೆಯಾದೊಡನೆ ಪಿಟ್ಯುಟರಿಯು ಟಿ.ಎಸ್.ಎಚ್. ಎಂಬ ಇನ್ನೊಂದು ಹಾರ್ಮೋನನ್ನು ಹೆಚ್ಚಾಗಿ ಕಳುಹಿಸಿ ಥೈರಾಯಿಡನ್ನು ದುಡಿಸುತ್ತದೆ. ಸಾಕಷ್ಟಾದೊಡನೆ ತಾನು ಸುಮ್ಮನಾಗುತ್ತದೆ. ಕಾಲುವೆಯ ಕೊನೆಯ ಹೊಲದವನು ನೀರು ಬಾರದಿದ್ದಾಗ ನೀರಗಂಟಿಯನ್ನು ಕೂಗುವುದಿಲ್ಲವೇ? ನೀರು ಕಡಿಮೆಯಾದಷ್ಟೂ ಕೂಗು ಜೋರಾಗುತ್ತದೆ. ಇದನ್ನು ಅರಿಯದೆ ಅನೇಕರು ಗೊಂದಲಕ್ಕೆ ಬೀಳುತ್ತಾರೆ. ಪರೀಕ್ಷೆಯ ಕಾಗದದಲ್ಲಿ ಟಿ.ಎಸ್.ಎಚ್. ಹೆಚ್ಚಾಗಿದೆ ಎಂದು ಬಂದರೆ ಥೈರಾಯಿಡ್ ಹೆಚ್ಚಾಗಿದೆ ಎಂದು ತಿಳಿಯುತ್ತಾರೆ. ನಿಜ ಅದಕ್ಕೆ ವಿರುದ್ಧವಾದುದು. ಕೂಗು ಜೋರಾಗಿದೆ ಎಂದರೆ ಸಾಮಾನ್ಯವಾಗಿ ನೀರು ಕಡಿಮೆಯಾಗಿದೆ ಎಂದೇ ಅರ್ಥ.

ಥೈರಾಕ್ಸಿನ್ ತಯಾರಾಗಲು ಬೇಕಾದ ಮುಖ್ಯ ವಸ್ತು ಅಯೋಡಿನ್. ದೊಡ್ಡವರಿಗೆ ದಿನಕ್ಕೆ ಬೇಕಾದುದು 150 ಮೈಕ್ರೋಗ್ರಾಂ, ಗರ್ಭಿಣಿಗೆ 250. ಎಪ್ಪತ್ತು ವರ್ಷ ಬಾಳಿದವನಿಗೆ ಒಟ್ಟು ಬೇಕಾಗುವುದು ಸುಮಾರು ನಾಲ್ಕು ಗ್ರಾಂ ಮಾತ್ರ! ಆದರೆ ಅದು ಪ್ರತಿದಿನವೂ ಸಿಗಬೇಕು. ಸಿಗದಿದ್ದಲ್ಲಿ ಪಿಟ್ಯುಟರಿಯ ನಿರಂತರ ಕೂಗಿಗೆ ದುಡಿದು ದುಡಿದು ಗ್ರಂಥಿಯೇ ಊದಿಕೊಳ್ಳುತ್ತದೆ. ಇದೇ ಗಳಗಂಡ. ಇದು ಹಿಮಾಲಯದ ತಪ್ಪಲಿನ ರೋಗ, ನಮಗೇಕೆ ಎನ್ನುವಂತಿಲ್ಲ. ಬೆಳಗಾವಿ ಜಿಲ್ಲೆಯ ಗ್ರಾಮೀಣ ಮಕ್ಕಳಲ್ಲಿ ನಡೆಸಿದ ಒಂದು ಅಧ್ಯಯನ 2009ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ ಮಕ್ಕಳಲ್ಲಿ ಶೇಕಡಾ 16ಕ್ಕೂ ಹೆಚ್ಚು ಮಂದಿಗೆ ಗಳಗಂಡ ಕಂಡುಬಂದಿತ್ತು. ಶಾಲಾ ಮಕ್ಕಳಲ್ಲಿ ಶೇಕಡಾ 5ನ್ನು ಮೀರಿದರೆ ಅದನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆ ಎಂದು ಪರಿಗಣಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ.

ಇದಕ್ಕೆ ಉಪ್ಪಿನಲ್ಲಿ ಅಯೋಡಿನ್ ಬೆರೆಸುವುದೇ ಸುಲಭ ಪರಿಹಾರ. ಭಾರತದಲ್ಲಿ ಗಳಗಂಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1962ರಲ್ಲಿಯೇ ಆರಂಭವಾಯಿತು. ಮನುಷ್ಯರು ಉಣ್ಣಲು ಬಳಸುವ ಉಪ್ಪನ್ನು ಅಯೋಡಿನ್ ಇಲ್ಲದೆ ಮಾರುವುದನ್ನು ನಿಷೇಧಿಸಿ, 2000ದಲ್ಲಿ ಆ ನಿಷೇಧವನ್ನು ಹಿಂತೆಗೆದುಕೊಂಡು, 2005ರಲ್ಲಿ ಸರ್ಕಾರ ಮತ್ತೆ ಅದನ್ನು ಘೋಷಿಸಿತು. ಆದಾಗ್ಯೂ ಬಿಡಿಯಾಗಿ ಮಾರುವ ಹರಳುಪ್ಪಿನಲ್ಲಿ ಸಾಕಷ್ಟು ಅಯೋಡಿನ್ ಇರುತ್ತದೆಂಬ ಭರವಸೆಯಿಲ್ಲ. ಉಪವಾಸಕ್ಕೆಂದು ತರುವ ಸೈಂಧವ ಲವಣವನ್ನೇ ನಿತ್ಯದ ಅಡಿಗೆಗೂ ಬಳಸುವ ಮನೆಗಳು ಈಗ ಹೆಚ್ಚುತ್ತಿವೆ. ಶುದ್ಧವೆಂಬ ಭಾವನೆಯಿಂದ ಹಾಗೆ ಮಾಡುವವರು ಮಕ್ಕಳ, ಗರ್ಭಿಣಿಯರ ಪಾಲಿನ ಅಯೋಡಿನ್ನನ್ನು ಅರಿಯದೆ ಕಸಿದುಕೊಳ್ಳುತ್ತಿದ್ದಾರೆ.

ಇನ್ನು ಆ ಹೆಣ್ಣುಮಗಳ ವಿಷಯ. ಆಕೆಯ ರೋಗ ಉಪ್ಪಿನ ಕೊರತೆಯಿಂದ ಬಂದುದಾಗಿರಲಿಲ್ಲ. ದೇಹವನ್ನು ಕಾಯಬೇಕಾದ ರಕ್ಷಣಾ ಶಕ್ತಿಯೇ ಕೆಲವರಲ್ಲಿ ದಿಕ್ಕು ತಪ್ಪಿ ಥೈರಾಯಿಡಿನ ಮೇಲೆ ಬೀಳುತ್ತದೆ. ಹೆರಿಗೆಯಾದ ಒಂದು ವರ್ಷದೊಳಗೆ ಇಂತಹದು ಕಾಣಿಸಿಕೊಳ್ಳುವುದು ಅಪರೂಪವಲ್ಲ. ಕೆಲವರಲ್ಲಿ ತಾನಾಗಿಯೇ ಸರಿಹೋಗುತ್ತದೆ, ಕೆಲವರಲ್ಲಿ ನಿಲ್ಲುತ್ತದೆ. ನನ್ನ ಉಪದೇಶದಿಂದ ಫಲ ಕಾಣದೆ ಮನೆಯವರು ಬೇಸತ್ತು ಆಕೆಯನ್ನು ಹುಕ್ಕೇರಿ ಕಡೆಯ ತವರಿಗೆ ಕಳುಹಿಸಿಬಿಟ್ಟರು. ಮರಳಿ ಕರೆತರುವುದೇ ಬೇಡವೆಂಬ ಮಾತೂ ನಡೆದಿತ್ತಂತೆ. ತವರಿನವರು ವೈದ್ಯರಲ್ಲಿಗೆ ಕರೆದೊಯ್ದರು. ವೈದ್ಯರು ಕೊರಳನ್ನು ಮುಟ್ಟಿ ನೋಡಿ, ಒಂದು ರಕ್ತಪರೀಕ್ಷೆ ಬರೆದುಕೊಟ್ಟರು. ಟಿ.ಎಸ್.ಎಚ್. ಇರಬೇಕಾದುದಕ್ಕಿಂತ ಹತ್ತಾರು ಪಟ್ಟು ಏರಿತ್ತು. ಬೆಳಿಗ್ಗೆ ಒಂದು ಸಣ್ಣ ಮಾತ್ರೆ, ಅಷ್ಟೇ ಚಿಕಿತ್ಸೆ.

ಮೂರು ತಿಂಗಳ ಮೇಲೆ ಜಾತ್ರೆಯಲ್ಲಿ ಆಕೆಯನ್ನು ಕಂಡೆ. ಅತ್ತೆಯೇ ಗುರುತು ಹೇಳಬೇಕಾಯಿತು. ಮುಖದ ಬಾವು ಇಳಿದು ಬೇರೆಯೇ ವ್ಯಕ್ತಿಯಂತಿದ್ದಳು. ಸಂಗತಿಯನ್ನು ಕೇಳಿ ನನಗೆ ತಲೆ ಎತ್ತಲಾಗಲಿಲ್ಲ. “ಅರಿಯದೆ ಅಂದೆ ತಾಯಿ, ಮನಸ್ಸಿಗೆ ಹಚ್ಚಿಕೊಳ್ಳಬೇಡ” ಎಂದೆ. ಅದಕ್ಕೆ ಆಕೆ, “ನಿಮ್ಮ ಮ್ಯಾಲೆ ಬ್ಯಾಸರಿಲ್ರಿ ಶಾಸ್ತ್ರಿಗಳ. ಎಲ್ಲಾರೂ ಅಂದದ್ದು ಕೇಳಿ ಕೇಳಿ ನಾನೂ ಹಂಗ ತಿಳಕೊಂಡಿದ್ದೆ, ನಾನ ಮೈಗಳ್ಳಿ ಅಂತ” ಎಂದಳು.

ಬಂಧುಗಳೇ, ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ರೋಗ ಆಕೆಯ ಬಲವನ್ನು ಕಸಿದಿತ್ತು. ನಾವು ಆಕೆಗೆ ತನ್ನ ಮೇಲಿದ್ದ ನಂಬಿಕೆಯನ್ನೇ ಕಸಿದಿದ್ದೆವು. ಮೊದಲನೆಯದಕ್ಕೆ ಮಾತ್ರೆಯಿದೆ, ಎರಡನೆಯದಕ್ಕೆ ಎಲ್ಲಿದೆ?

ಮಾತ್ರೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಕೇಳಿಬರುವ ಕೆಲವು ಸಂದೇಹಗಳಿಗೆ ಉತ್ತರ ಹೇಳುವುದು ಅವಶ್ಯ.

ಇದು ಪ್ರಾಣಿಜನ್ಯವೇ ಎಂದು ಕೆಲವರು ಕೇಳುತ್ತಾರೆ. ಹಿಂದೆ ಹಾಗಿದ್ದುದು ನಿಜ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರೆ ಎಂಬ ವೈದ್ಯರು ಕುರಿಯ ಥೈರಾಯಿಡ್ ರಸವನ್ನು ಕೊಟ್ಟು ಒಬ್ಬ ಸ್ತ್ರೀಯನ್ನು ಉಳಿಸಿದರು. ಆಕೆ ಮುಂದೆ 28 ವರ್ಷ ಬಾಳಿದಳು. ಆದರೆ ಇಂದು ಕೊಡುವ ಲಿವೋಥೈರಾಕ್ಸಿನ್ ಎಂಬ ಔಷಧ ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ಕೂಡಿಸಿದ್ದು, ಪ್ರಾಣಿಯ ಗ್ರಂಥಿಯಿಂದ ತೆಗೆದುದಲ್ಲ. ಶಾಕಾಹಾರಿಗಳು ಆ ಅಂಜಿಕೆಯಿಂದ ಔಷಧ ಬಿಡಬೇಕಾಗಿಲ್ಲ.

ನಾಲ್ಕು ದಿನ ಬಿಟ್ಟರೂ ಏನೂ ಆಗಲಿಲ್ಲ, ಇನ್ನೇಕೆ ಎನ್ನುವವರೂ ಉಂಟು. ಈ ಹಾರ್ಮೋನು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಆದುದರಿಂದ ಬಿಟ್ಟ ಕೂಡಲೇ ಕೇಡು ತೋರುವುದಿಲ್ಲ. ಕೆರೆ ಮೆಲ್ಲಗೆ ಬತ್ತುತ್ತದೆ. ತಳ ಕಾಣುವಾಗ ಎಚ್ಚರವಾಗುತ್ತದೆ. ವೈದ್ಯರನ್ನು ಕೇಳದೆ ಬಿಡಬಾರದು. ಗರ್ಭಿಣಿಯಂತೂ ಎಂದಿಗೂ ಬಿಡಬಾರದು. ಆಕೆಗೆ ಸಾಮಾನ್ಯವಾಗಿ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ. ಮೊದಲ ತಿಂಗಳುಗಳಲ್ಲಿ ಗರ್ಭದ ಕೂಸಿನ ಮೆದುಳು ಬೆಳೆಯುವುದು ತಾಯಿಯ ಥೈರಾಕ್ಸಿನ್ನಿನ ಆಸರೆಯಲ್ಲಿಯೇ.

ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧದಿಂದ ಒಂದು ಗಂಟೆಯ ತನಕ ಚಹಾ, ಉಪಾಹಾರ ತೆಗೆದುಕೊಳ್ಳಬಾರದು. ಕಬ್ಬಿಣಾಂಶದ ಹಾಗೂ ಕ್ಯಾಲ್ಸಿಯಂ ಗುಳಿಗೆಗಳಿಗೂ ಇದಕ್ಕೂ ನಾಲ್ಕು ಗಂಟೆಗಳ ಅಂತರವಿರಲಿ. ಅಡಿಗೆಮನೆಯಲ್ಲಿ ಅಯೋಡಿನ್ ಉಪ್ಪು ಮುಚ್ಚಳವಿರುವ ಡಬ್ಬಿಯಲ್ಲಿರಲಿ.

ಕೊನೆಯದಾಗಿ ಕೂಸುಗಳ ಮಾತು. ಸುಮಾರು ಸಾವಿರಕ್ಕೊಂದು ಮಗು ಥೈರಾಯಿಡ್ ಕೊರತೆಯನ್ನು ಹೊತ್ತೇ ಹುಟ್ಟುತ್ತದೆ. ಹುಟ್ಟಿದಾಗ ಅದು ಬಹುಮಟ್ಟಿಗೆ ಎಲ್ಲರಂತೆಯೇ ಕಾಣುತ್ತದೆ. ಅಳದೆ, ಕಾಡದೆ, ಬಹಳ ಹೊತ್ತು ನಿದ್ರಿಸುವುದನ್ನು ಕಂಡು ಸಾಧು ಕೂಸೆಂದು ನಾವು ಹಿಗ್ಗುತ್ತೇವೆ. ಹುಟ್ಟಿದ ಎರಡು ಮೂರು ದಿನಗಳಲ್ಲಿ ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತ ನಿಜವನ್ನು ಹೇಳಬಲ್ಲದು. ಎರಡು ವಾರಗಳೊಳಗೆ ಚಿಕಿತ್ಸೆ ಆರಂಭವಾದರೆ ಆ ಮಗು ಉಳಿದ ಮಕ್ಕಳಂತೆಯೇ ಓದಿ ಬೆಳೆಯುತ್ತದೆ. ತಡವಾದರೆ ಹೋದ ಬುದ್ಧಿ ಮರಳದು. ಹೆರಿಗೆಯಾದ ಆಸ್ಪತ್ರೆಯಲ್ಲಿ ಈ ಪರೀಕ್ಷೆಯನ್ನು ಕೇಳಿ ಮಾಡಿಸಿರಿ.

ಎಲ್ಲ ಆಯಾಸವೂ ಥೈರಾಯಿಡಿನದೆಂದು ನಾನು ಹೇಳುತ್ತಿಲ್ಲ. ರಕ್ತಹೀನತೆಯಿರಬಹುದು, ಸಕ್ಕರೆ ರೋಗವಿರಬಹುದು, ಬಾಣಂತಿಯ ಮನಸ್ಸಿನ ನೋವಿರಬಹುದು. ನಿಜವಾದ ಸೋಮಾರಿತನವೂ ಇರಬಹುದು. ಆದರೆ ಚಿಗರಿಯಂತೆ ಓಡಾಡುತ್ತಿದ್ದವರು ಕುಂತಲ್ಲೇ ಕುಂತರೆ ಬುದ್ಧಿ ಹೇಳುವವರ ಮನೆಗೆ ಕರೆತರುವ ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ಈಗ ನನ್ನ ಬಳಿಗೆ ಯಾರಾದರೂ ಅಂತಹ ದೂರು ತಂದರೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: “ರಕ್ತ ತೋರಿಸೀರೇನು?”