ಸಿಹಿಯಾದ ವಿಷ

ಹಳೆಯ ಪಿಕಪ್ ಗಾಡಿಯನ್ನು ದುರಸ್ತಿಗೊಳಿಸಿ ಉಳಿಸಿಕೊಳ್ಳುವುದು ಗೃಹಸ್ಥನಿಗೆ ಭೂಷಣವೇ ಸರಿ. ಹೀಟರ್ ಉಳ್ಳ ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಹಿಂದೆ ಪುಟ್ಟ ರೇಡಿಯೇಟರಿನಂಥ ಸಾಧನವೊಂದಿರುತ್ತದೆ. ಅದೇ ಹೀಟರ್ ಕೋರ್. ಎಂಜಿನ್ನನ್ನು ತಣಿಸಿ ಸುಮಾರು 90 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದ ಕೂಲಂಟ್ ಅದರೊಳಗೆ ಹರಿಯುವುದು. ಫ್ಯಾನು ಆ ಬಿಸಿಯನ್ನು ಒಳಕ್ಕೆ ಬೀಸುವುದು. ಕೋರ್ ಸವೆದು ಸೋರಿದರೆ ಕಾಲಡಿಯ ಮ್ಯಾಟು ಒದ್ದೆಯಾಗುತ್ತದೆ, ಮುಂಗಾಜು ಮಬ್ಬಾಗುತ್ತದೆ, ಸಿಹಿವಾಸನೆ ಹಬ್ಬುತ್ತದೆ.

ನಮ್ಮ ಉಣಕಲ್ಲಿನ ಹವೆಗೆ ಹೀಟರ್ ಏತಕ್ಕೆಂದು ಅಲಕ್ಷಿಸುವವರುಂಟು. ಆದರೆ ಕೂಲಂಟ್ ಕಡಿಮೆಯಾದಂತೆ ಎಂಜಿನ್ನೇ ಕಾದು ಕೆಡುವುದು. ಆದುದರಿಂದ ಕೋರನ್ನು ಬದಲಿಸುವುದೇ ಲೇಸು.

ಎಂಜಿನ್ ಪೂರ್ಣವಾಗಿ ಆರಿದ ಬಳಿಕವೇ ರೇಡಿಯೇಟರಿನ ಮುಚ್ಚಳ ತೆರೆಯಬೇಕು. ಇಳಿಸಿದ ಕೂಲಂಟನ್ನು ಅಗಲವಾದ ಪಾತ್ರೆಯಲ್ಲಿ ಹಿಡಿಯಬೇಕು. ಸಾಮಾನ್ಯವಾಗಿ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣದಲ್ಲಿ ವಿಷ. ಅಂಗಳದಲ್ಲಿ ಚೆಲ್ಲಿದ್ದನ್ನು ನಾಯಿಯೋ ಕರುವೋ ನೆಕ್ಕೀತು, ಕೂಸು ಬಾಯಿಗಿಟ್ಟೀತು. ಮೂತ್ರಪಿಂಡಗಳು ಕೆಟ್ಟು ಪ್ರಾಣಕ್ಕೇ ಎರವಾದೀತು. ಹೊಟ್ಟೆಗೆ ಹೋಯಿತೆಂದು ತಿಳಿದೊಡನೆ, ಮೇಲ್ನೋಟಕ್ಕೆ ಆರೋಗ್ಯವಾಗಿದ್ದರೂ, ಆಸ್ಪತ್ರೆಗೆ ಒಯ್ಯತಕ್ಕದ್ದು.

ಅದನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬಾರದು; ಕೆರೆಯತ್ತ ಹರಿಯುವ ಗಟಾರಕ್ಕೂ ಸುರಿಯಬಾರದು. ಹೆಸರು ಬರೆದ ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು, ಹಳೆಯ ಕೂಲಂಟ್ ಸ್ವೀಕರಿಸುವ ಗ್ಯಾರೇಜಿಗೆ ಒಪ್ಪಿಸಬೇಕು.

ಗಾಡಿ ನಮ್ಮದು, ಕೆರೆಯ ನೀರು ಎಲ್ಲರದು.